ದೇಶನೂರಿನ ಹಗೇವಿಗೆ ಇಳಿಬಿಟ್ಟ ಪಂಜರ

ಆ ಮಧ್ಯಾಹ್ನ ನಾನು ನಿಂತಿದ್ದದ್ದು ದೇಶನೂರಿನ ಒಂದು ಮನೆಯ ಹಿತ್ತಲಿನಲ್ಲಿ, ಹಗೇವಿನ ಬಾಯಿಯ ಪಡುವಣ ಬದಿಗೆ. ಎಡಗಾಲು ಬಾಯಿಕಟ್ಟಿನ ಕಲ್ಲಿನ ಮೇಲಿತ್ತು. ಕೈಯಲ್ಲಿ ರಾಟೆಯ ಹಗ್ಗವಿತ್ತು. ಯುಗಾದಿ ಕಳೆದು ಮೂರನೆಯ ವಾರ, ಮಂಗಳವಾರ. ಸಿರುಗುಪ್ಪದಿಂದ ಬರುವ ಮಧ್ಯಾಹ್ನದ ಬಸ್ಸು ಊರಿಗೆ ಬಂದು ತಿರುಗಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಮೇಲೆ ಪೊಲೀಸರು ಕೇಳಿದಾಗಲೂ ಇಷ್ಟನ್ನೇ ಹೇಳಿದ್ದೆ. ಇಷ್ಟು ಮಾತ್ರ ನನಗೆ ಚೆನ್ನಾಗಿ ಗೊತ್ತು. ಉಳಿದದ್ದನ್ನು ಒಂದೊಂದಾಗಿ ನೆನಪಿಸಿಕೊಂಡು ಬರೆಯುತ್ತೇನೆ.

ಹಗೇವು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಕಿರಿದು, ಒಬ್ಬ ಮನುಷ್ಯ ತೋಳು ಮೇಲೆತ್ತಿಕೊಂಡು ಇಳಿಯುವಷ್ಟು. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಹಿಂದೆ ಅದರಲ್ಲಿ ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ನೆಲದಲ್ಲಿ ತೇವ ಹೆಚ್ಚಿತು, ಹಗೇವುಗಳಲ್ಲಿ ಕಾಳು ಕೆಡತೊಡಗಿತು. ಒಬ್ಬೊಬ್ಬರಾಗಿ ಎಲ್ಲರೂ ಅವನ್ನು ಮಣ್ಣು ಹಾಕಿ ಮುಚ್ಚಿಬಿಟ್ಟರು. ಈ ಮನೆಯವರು ಮುಚ್ಚಿರಲಿಲ್ಲ. ಖಾಲಿ ಮಾಡಿ, ಬಾಯಿಗೆ ಚಪ್ಪಡಿ ಎಳೆದು ಬಿಟ್ಟಿದ್ದರು.

ಆಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನದೊಂದು ಜಾಲರಿ ಕೆಲಸದ ಅಂಗಡಿ ಇತ್ತು. ಇಲಿಬೋನು, ಗಿಳಿಪಂಜರ, ಕಪಾಟಿನ ಜಾಲರಿ ಬಾಗಿಲು, ಜರಡಿ ಇಂಥವನ್ನು ಮಾಡುತ್ತಿದ್ದೆ. ಅದರ ಹಿಂದಿನ ಮಾಗಿಯಲ್ಲಿ ಒಂದು ದಿನ ಮೂವತ್ತರ ಆಸುಪಾಸಿನ ಒಬ್ಬ ರೈತ ಬಿದಿರುಬುಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದ. ಬುಟ್ಟಿಯ ಬಾಯಿಗೆ ಟವೆಲ್ಲು ಕಟ್ಟಿತ್ತು. ಬಿಚ್ಚಿದರೆ ಒಳಗೆ ಒಂದು ಮೊಲ. ನಮ್ಮ ಕಡೆಯ ಬಿಳಿ ಮೊಲವಲ್ಲ. ಬೂದುಬಣ್ಣ, ಕೂದಲಿನ ತುದಿ ಕಪ್ಪು, ಊದಿದರೆ ಒಳಗೆ ಬೆಳ್ಳಗೆ ಸುಳಿ ಕಾಣುವಷ್ಟು ದಟ್ಟ ತುಪ್ಪಳ.

"ಚಿಂಚಿಲಾ ಅಂತಾರ್ರೀ ಇದಕ್ಕ," ಎಂದ. "ಕುರಿ ಸಾಕೋ ಸರ್ಕಾರಿ ಫಾರಮ್ಮಿನಾಗ ನಮ್ಮ ಗೆಳ್ಯಾ ಅದಾನ. ಅಂವ ಕೊಟ್ಟ. ಚಿಂಚಿಲಾ ಅನ್ನೋದು ಎಲ್ಲೋ ಚಳಿ ದೇಶದ ಇಲಿ ಅಂತ. ಅದರ ಬಣ್ಣ ಇದಕ್ಕ ಬಂದೈತಂತ, ಅದಕ್ಕ ಇದಕ್ಕೂ ಅದಾ ಹೆಸರು. ಇದಕ್ಕೊಂದು ಮನಿ ಮಾಡಿಕೊಡ್ರಿ ಮೇಸ್ತ್ರಿ."

"ನಾನು ಬೋನು ಮಾಡಾಂವ್ರಿ. ಮನಿ ಕಟ್ಟಾಂವ ಅಲ್ಲ."

"ಬೋನಿಗೂ ಮನಿಗೂ ಏನ್ ಫರಕ್ರೀ? ದಿನಾ ಸಂಜಿಕ ಬಾಗಲಾ ತೆಗದ್ರ ಮನಿ. ತೆಗೀಲಿಲ್ಲಂದ್ರ ಬೋನು."

ಅವನನ್ನು ಇಲ್ಲಿ ತಮ್ಮ ಎಂದೇ ಕರೆಯುತ್ತೇನೆ. ಊರಲ್ಲಿ ಎಲ್ಲರಿಗೂ ಅವನು ಮಾಸ್ತರ ತಮ್ಮ. ಅಣ್ಣ ಕುರುಗೋಡಿನ ಶಾಲೆಯಲ್ಲಿ ಬಹಳ ವರ್ಷ ಮಾಸ್ತರಾಗಿದ್ದವರು. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿ ಊರಿಗೆ ಮರಳಿದ್ದರು. ಮಕ್ಕಳಿರಲಿಲ್ಲ. ಗದ್ದೆಯನ್ನೂ ಅಣ್ಣನನ್ನೂ ನೋಡಿಕೊಳ್ಳುತ್ತಿದ್ದವನು ಈ ತಮ್ಮ, ಅವನಿಗಿನ್ನೂ ಮದುವೆಯಾಗಿರಲಿಲ್ಲ. ಮೊಲವನ್ನು ತಂದದ್ದು ಸುಮ್ಮನೆ ಅಣ್ಣನಿಗೆ ಹೊತ್ತು ಹೋಗಲಿ ಎಂದು. ಆದರೆ ಒಂದು ಸಂಜೆ ಅದನ್ನು ಮಾಸ್ತರ ಬಲಗೈಯ ಕೆಳಗೆ ಕೂರಿಸಿದಾಗ, ತಿಂಗಳುಗಟ್ಟಲೆ ಮುದುಡಿದ್ದ ಬೆರಳುಗಳು ತುಪ್ಪಳದೊಳಗೆ ಮೆಲ್ಲಗೆ ಬಿಚ್ಚಿಕೊಂಡವಂತೆ. ಸಿರುಗುಪ್ಪದ ಡಾಕ್ಟರು ಅದನ್ನು ಕಣ್ಣಾರೆ ನೋಡಿ, ಯಾವ ನೆಪದಿಂದಲಾದರೂ ಆ ಬೆರಳು ಆಡುತ್ತಿರಲಿ, ನಿಲ್ಲಿಸಬೇಡಿ ಎಂದಿದ್ದರು. ಹೀಗಾಗಿ ಮೊಲ ಬದುಕಬೇಕಿತ್ತು. ಅದರಲ್ಲೂ ಬೇಸಿಗೆ ದಾಟಬೇಕಿತ್ತು. ಆ ತುಪ್ಪಳ ಹೊತ್ತುಕೊಂಡು ನಮ್ಮ ಕಡೆಯ ಬೇಸಿಗೆ ದಾಟುವುದು ಸುಲಭವಲ್ಲ ಎಂದು ಗೆಳೆಯ ಮೊದಲೇ ಹೇಳಿ ಕಳಿಸಿದ್ದ.

ತಮ್ಮ ಅಂಗಡಿಯಲ್ಲಿ ತೂಗುತ್ತಿದ್ದ ದೊಡ್ಡ ಗಿಳಿಪಂಜರವನ್ನು ತೋರಿಸಿ ಇದೇ ಆದೀತು ಎಂದ. ನಾನು ಬೇಡವೆಂದೆ. ಗಿಳಿ ಕೋಲಿನ ಮೇಲೆ ಕೂರುತ್ತದೆ, ಮೊಲ ನೆಲದ ಮೇಲೆ. ಗಿಳಿಪಂಜರದ ತಳವೆಲ್ಲ ಬರೀ ತಂತಿ. ಸಾಲದ್ದಕ್ಕೆ ಸರಳುಗಳ ನಡುವಿನ ಸಂದಿಯಲ್ಲಿ ಮೊಲ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳಬಹುದು. ಮರದ ಪೆಟ್ಟಿಗೆಗೆ ಜಾಲರಿ ಹೊಡೆದರೆ ಹೇಗೆ ಎಂದು ಕೇಳಿದ. ಬುಟ್ಟಿಯ ಅಂಚನ್ನು ತೋರಿಸಿದೆ. ದೇಶನೂರಿನಿಂದ ಬಳ್ಳಾರಿಗೆ ಬರುವಷ್ಟರಲ್ಲಿ ಅದು ಬಿದಿರನ್ನು ಅರ್ಧ ಕಡಿದು ಹಾಕಿತ್ತು.

"ಹಂಗಾರ ಇದು ನಿಮ್ಮ ಅಂಗಡಿನೂ ತಿಂತೈತಿ ಬಿಡ್ರಿ," ಎಂದು ನಕ್ಕ.

ಮೊದಲು ಮಾಡಿದ ಪಂಜರ ನಾಲ್ಕು ಮೂಲೆಯದು. ಸಣ್ಣ ಕಣ್ಣಿನ ಜಿ.ಐ. ಜಾಲರಿ, ಕಬ್ಬಿಣದ ಪಟ್ಟಿಯ ಚೌಕಟ್ಟು. ಬಣ್ಣ ಹಚ್ಚಲಿಲ್ಲ, ನೆಕ್ಕಿದರೆ ವಿಷ. ಕತ್ತರಿಸಿದ ತಂತಿಯ ತುದಿಗಳನ್ನೆಲ್ಲ ಹೊರಕ್ಕೆ ಮಡಿಸಿ ಅರದಿಂದ ಉಜ್ಜಿದೆ. ಹೊಸ ಜಾಲರಿಯ ಮೇಲಿನ ಪುಡಿ ಹೋಗಲೆಂದು ಹುಣಸೆನೀರಿನಲ್ಲಿ ತಿಕ್ಕಿ ಬಿಸಿಲಿಗಿಟ್ಟೆ. ತಳಕ್ಕೂ ಜಾಲರಿಯೇ, ಹಿಕ್ಕೆ ಕೆಳಗೆ ಬೀಳಲಿ ಎಂದು. ಅದರಡಿಗೆ ಎಳೆದು ತೆಗೆಯುವ ತಗಡಿನ ತಟ್ಟೆ. ಒಳಗೊಂದು ಮೂಲೆಯಲ್ಲಿ ನೀರಿಗೆ ಮಣ್ಣಿನ ಕುಡಿಕೆ, ಉರುಳದಂತೆ ತಂತಿಯ ಬಳೆಯಲ್ಲಿ ಕೂರಿಸಿದ್ದು. ಹುಲ್ಲಿಗೆ ಗೋಡೆಯ ಬದಿ ಒಂದು ಜೋಳಿಗೆಯಂಥ ಜಾಲರಿ.

ನಾನೇ ದೇಶನೂರಿಗೆ ಹೋಗಿ ಜೋಡಿಸಿಕೊಟ್ಟೆ. ಪಂಜರ ಹೊತ್ತು ಬಸ್ಸಿನಿಂದ ಇಳಿದಾಗ ಅರಳಿಕಟ್ಟೆಯ ಮೇಲೆ ಕೂತವರು, "ಮಾಸ್ತರ ಮನಿಗೆ ಹುಲಿ ಬರ್ತೈತೇನಲೇ?" ಎಂದು ಕೂಗಿದರು. ತಮ್ಮ, "ಹುಲಿ ಅಲ್ಲಲೇ, ನಿಮ್ಮನ್ನ ಹಿಡಿಯಾಕ!" ಎಂದ.

ಮಾಸ್ತರ ಮಂಚ ಹಿಂದಿನ ಪಡಸಾಲೆಯಲ್ಲಿತ್ತು. ಅಲ್ಲಿಂದ ಹಿತ್ತಲು, ಬೇವಿನ ಮರ, ಹಗೇವಿನ ಚಪ್ಪಡಿ ಎಲ್ಲವೂ ಕಾಣುತ್ತಿದ್ದವು. ಪಂಜರದ ಅಳತೆ ನೋಡಲು ಮೊಲವನ್ನು ಅವರ ಕೈಕೆಳಗಿನಿಂದ ಎತ್ತಿಕೊಂಡೆ. ಅವರು ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದರು, ಅಂಗೈ ಬಿಡಿಸಿ, ಬಿಟ್ಟೂ ಬಿಡದೆ.

"ಮೊಲಾ ಬೇಕಂತ್ರಿ ಅವರಿಗೆ," ಎಂದರು ಅವರ ಹೆಂಡತಿ. ನಾನು ಅವರನ್ನು ಅಕ್ಕಾರೆ ಎಂದು ಕರೆಯುತ್ತಿದ್ದೆ. "ಹಿಂಗಾ ನೋಡ್ರಿ. ಚಾ ಬೇಕಂದ್ರ ಒಮ್ಮೆ ಬಡೀತಾರ. ಮೊಲಾ ಬೇಕಂದ್ರ ನಿಲ್ಲಸಾದಾ ಇಲ್ಲ." ಮೊಲವನ್ನು ವಾಪಸ್ಸು ಕೊಟ್ಟ ತಕ್ಷಣ ಬಡಿಯುವುದು ನಿಂತಿತು.

ಪಂಜರದ ಮೊದಲ ತೊಂದರೆ ತಳದಲ್ಲಿ ಕಾಣಿಸಿತು. ತಂತಿಯ ಮೇಲೆ ಕೂತು ಕೂತು ಮೊಲದ ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ ಹುಣ್ಣಾಯಿತು. ಹಲಗೆ ಹಾಕಿದರೆ ಕಡಿಯುತ್ತಿತ್ತು. ಉಚ್ಚೆ ಹೀರಿ ನಾರುತ್ತಿತ್ತು. ತಮ್ಮ ಕುರುಗೋಡಿಗೆ ಹೋಗಿ ಅಲ್ಲಿ ಕಲ್ಲು ಕಡಿಯುವವರಿಂದ ನುಣ್ಣಗೆ ಉಜ್ಜಿದ ತೆಳ್ಳನೆಯ ಚಪ್ಪಡಿ ತಂದ. ಅಣ್ಣ ಪಾಠ ಹೇಳಿದ ಊರಿನ ಕಲ್ಲು ಎಂದು ಅದನ್ನು ಮೊದಲು ಮಾಸ್ತರ ಎದೆಯ ಮೇಲಿಟ್ಟು ತೋರಿಸಿದನಂತೆ. ಅರ್ಧ ತಳ ಕಲ್ಲು, ಅರ್ಧ ಜಾಲರಿ. ಹುಣ್ಣು ಮಾಯಿತು. ಬಿಸಿಲು ಏರಿದಂತೆ ಮೊಲ ಆ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಮಲಗುವುದನ್ನು ಕಲಿಯಿತು. ನಾವು ಗೆದ್ದೆವೆಂದುಕೊಂಡೆವು.

ಶಿವರಾತ್ರಿ ಕಳೆದ ಮೇಲೆ ಕಲ್ಲೂ ಕಾಯತೊಡಗಿತು. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದೆ ಎಂದು ತಮ್ಮ ಬಂದು ಹೇಳಿದ. ಪಂಜರಕ್ಕೆ ಮೂರು ಕಡೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವ ಏರ್ಪಾಡು ಮಾಡಿದೆವು. ಬಳ್ಳಾರಿಯಲ್ಲಾಗಿದ್ದರೆ ಅದು ನಡೆಯುತ್ತಿತ್ತೋ ಏನೋ. ಅಲ್ಲಿನ ಗಾಳಿ ಒಣ. ದೇಶನೂರಿನ ಸುತ್ತ ನೀರು ನಿಂತ ಗದ್ದೆಗಳು. ತಾಟು ಒಣಗಲಿಲ್ಲ, ತುಪ್ಪಳ ತೇವವಾಯಿತು, ಮೊಲ ಸೀನತೊಡಗಿತು. ಸಿರುಗುಪ್ಪದ ದನದ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯ ಕಂಪೌಂಡರು ಮೂಗು ಒರೆಸಿ, ಔಷಧಿ ಕೊಟ್ಟು, "ತಂಪಿರ್ಬೇಕು, ಹಸೀ ಇರಬಾರದು. ಅಂಥಾ ಜಾಗಾ ಎಲ್ಲೈತೋ ಹುಡುಕ್ರಿ, ಸಿಕ್ರ ನನಗೂ ಹೇಳ್ರಿ, ನಾನೂ ಬಂದು ಮಲಗ್ತೀನಿ," ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ತಮ್ಮ ಬುಟ್ಟಿಯ ಟವೆಲ್ಲು ಸರಿಸಿ ಮೊಲಕ್ಕೆ ಗಾಳಿ ಬೀಸಿದ. ಆಮೇಲೆ, "ಮೇಸ್ತ್ರಿ, ಹಗೇವಿನಾಗ ಇಳಿಬಿಟ್ರ ಹೆಂಗ?" ಎಂದ.

ಚೆನ್ನಾಗಿ ಯೋಚಿಸಿಯೇ ಮಾಡಿದ ಕೆಲಸ ಅದು. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಅನೇಕರು ಹುಡುಗಾಟ ಮಾಡಿದರು ಎಂದು ಆಡಿಕೊಂಡರು. ಹಗೇವಿನ ವಿಷಯದಲ್ಲಿ ಊರಿಗೊಂದು ಕಟ್ಟುನಿಟ್ಟಿತ್ತು: ಚಪ್ಪಡಿ ತೆಗೆದು ಗಾಳಿಯಾಡಲು ಬಿಡಬೇಕು, ಆಮೇಲೆ ಉರಿಯುವ ದೀಪವನ್ನು ತಳದವರೆಗೆ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ಜೋಳ ತುಂಬುತ್ತಿದ್ದ ಕಾಲದಲ್ಲಿ ಆ ಮನೆಯಲ್ಲಿ ದೀಪ ಇಳಿಸುತ್ತಿದ್ದವರು ಮಾಸ್ತರೇ. ಅವರು ಇಳಿಯಿರಿ ಎನ್ನುವವರೆಗೆ ಆಳುಗಳು ಇಳಿಯುತ್ತಿರಲಿಲ್ಲವಂತೆ.

ಹಗೇವನ್ನು ನೋಡಲು ನಾನು ಹೋದ ದಿನ ತಮ್ಮ ಆ ಕ್ರಮವನ್ನೆಲ್ಲ ತಪ್ಪದೆ ಮಾಡಿದ. ಹಿಂದಿನ ದಿನವೇ ಚಪ್ಪಡಿ ಸರಿಸಿದ್ದ. ಮಂಚದ ತಲೆಯ ಕಡೆ ದಿಂಬು ಎತ್ತರಿಸಿ ಅಣ್ಣನನ್ನು ಕೂರಿಸಿದ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದ. "ಅಣ್ಣಾ, ಉರೀತೈತಿ ನೋಡು. ಇಳೀಲೇನು?" ಎಂದು ಕೂಗಿದ. ಮಾಸ್ತರು ತಲೆಯಾಡಿಸಿದರು. ಇಬ್ಬರೂ ಇಳಿದೆವು. ಗೋಡೆಯಲ್ಲಿ ಕಾಲಿಡಲು ಕುಳಿಗಳಿದ್ದವು. ಒಳಗಿನ ತಂಪು ಇವತ್ತಿಗೂ ನೆನಪಿದೆ, ಕುಂಬಾರನ ಹೊಸ ಗಡಿಗೆಯೊಳಗೆ ಕೈಯಿಟ್ಟ ಹಾಗೆ. ನೆಲ ಮಾತ್ರ ಹಸಿಹಸಿಯಾಗಿತ್ತು. ಗದ್ದೆಗೆ ನೀರು ಬಿಟ್ಟಾಗ ಇಲ್ಲಿಗೂ ಜಿನುಗುತ್ತದೆ ಎಂದ. ತೇವ ಹೀರಲಿ ಎಂದು ಆಮೇಲೆ ಎರಡು ಚೀಲ ಭತ್ತದ ಹೊಟ್ಟು ಸುರಿದ.

ನನ್ನ ನಾಲ್ಕು ಮೂಲೆಯ ಪಂಜರ ಹಗೇವಿನ ಬಾಯಿಯಲ್ಲಿ ತೂರುತ್ತಿರಲಿಲ್ಲ. ಅಂಗಡಿಗೆ ಬಂದು ಹೊಸದು ಮಾಡಿದೆ: ಗುಂಡನೆಯದು, ಬಾಯಿಗಿಂತ ಒಂದು ಗೇಣು ಕಿರಿದು, ಅಗಲಕ್ಕೆ ಬದಲು ಎತ್ತರ. ಒಳಗೆ ಎರಡು ಅಂತಸ್ತು. ಕೆಳಗೆ ಕುರುಗೋಡಿನ ಕಲ್ಲನ್ನೇ ಅರ್ಧಚಂದ್ರಾಕಾರಕ್ಕೆ ಕಡಿಸಿ ಕೂರಿಸಿದ್ದು. ಮೇಲೆ ಹತ್ತಿ ಕೂರಲು ಒಂದು ಪುಟ್ಟ ಅಟ್ಟ. ಮೇಲ್ಗಡೆ ಮೂರು ಕೊಂಡಿಗಳಿಂದ ಸರಪಳಿ ಒಂದಾಗಿ ಹಗ್ಗದ ಕೊಕ್ಕೆಗೆ ಬರುತ್ತಿತ್ತು, ತಿರುಗಿದರೂ ವಾಲದ ಹಾಗೆ. ತಗಡಿನ ತಟ್ಟೆಯನ್ನು ಈ ಸಲ ಪಕ್ಕದಿಂದ ತೂರಿಸಲಾಗದು, ತಳದಿಂದ, ತಂತಿಯನ್ನು ಬಗ್ಗಿಸಿ ಮಾಡಿದ ಮೂರು ಗುಬಟುಗಳಿಗೆ ಸಿಕ್ಕಿಸಬೇಕಿತ್ತು. ಹಗೇವಿನ ಬಾಯಿಗೆ ಎರಡು ಕಂಬ, ಅಡ್ಡತೊಲೆ, ಬಾವಿಯ ರಾಟೆ. ಪಂಜರ ನೆಲದ ತೇವಕ್ಕೆ ತಾಗಬಾರದೆಂದು ಆಳೆತ್ತರದಲ್ಲಿ ತೂಗುವಂತೆ ಹಗ್ಗಕ್ಕೆ ಗಂಟು ಹಾಕಿದೆ. ಗಂಟು ತೊಲೆಗೆ ಬಂದು ನಿಂತರೆ ಪಂಜರ ನಿಲ್ಲಬೇಕಾದಲ್ಲಿ ನಿಂತಂತೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಮೊಲ ಕೆಳಕ್ಕೆ, ಸಂಜೆ ಮೇಲಕ್ಕೆ. ಬಾಯಿಗೆ ಹಲಗೆ ಮುಚ್ಚಿ ಮೇಲೆ ಒದ್ದೆ ಗೋಣಿ ಹಾಸುತ್ತಿದ್ದರು, ಬಿಸಿಗಾಳಿ ಇಳಿಯದಿರಲಿ ಎಂದು. ಸೀನು ನಿಂತಿತು. ತಿನ್ನುವುದು ಹೆಚ್ಚಿತು. ಸಂಜೆ ಮೇಲೆ ಬಂದ ಮೊಲ ತಣ್ಣಗಿರುತ್ತಿತ್ತಂತೆ. ಮಾಸ್ತರು ಅದರ ಕೆಳಗೆ ಬಲಗೈಯನ್ನು ತಾವೇ ತೂರಿಸಲು ಹೊರಟರಂತೆ. ಅದನ್ನು ಹೇಳಲೆಂದೇ ತಮ್ಮ ಬಳ್ಳಾರಿಗೆ ಬಂದ. ಹೇಳುವಾಗ ಅಂಗಡಿಯ ಮುಂದೆ ನಿಂತೇ ತನ್ನ ಕೈಯಲ್ಲಿ ಮಾಡಿ ತೋರಿಸಿದ. ನಾನು ಚಹ ತರಿಸಿದೆ.

"ಇನ್ನ ಮಳಿಗಾಲ ಒಂದು ಬಂದ್ರ ಸಾಕು ಮೇಸ್ತ್ರಿ," ಎಂದ.

ಯುಗಾದಿ ಕಳೆದು ಎರಡನೆಯ ವಾರ ಅವನು ಮತ್ತೆ ಹೇಳಿ ಕಳಿಸಿದ: ತಟ್ಟೆಯ ಗುಬಟು ಸಡಿಲವಾಗಿದೆ, ಬಂದು ಬಿಗಿ ಮಾಡಿಕೊಡಬೇಕು. ನನಗೆ ಆ ವಾರವೇ ಹೋಗಲು ಆಗಲಿಲ್ಲ. ಮುಂದಿನ ವಾರ, ಮಂಗಳವಾರ ಹೋದೆ.

ನಾನು ಹೋದಾಗ ಮೊಲ ಕೆಳಗಿತ್ತು. ಅಕ್ಕಾರು ಮಜ್ಜಿಗೆ ಕೊಟ್ಟರು. "ಈಗೊಂದು ನಾಕು ದಿನದಿಂದ ಮ್ಯಾಲ ಬಂದ ಮ್ಯಾಲೂ ತೂಕಡಿಸ್ಕೊಂಡಾ ಇರ್ತೈತ್ರಿ," ಎಂದರು. "ಸ್ವಲ್ಪ ಹೊತ್ತಿಗೆ ಸರಿ ಆಗ್ತೈತಿ."

"ಎಲ್ಲಾರೂ ಬಿಸಲಾಗ ಸಾಯಾಕ ಹತ್ತೀವಿ," ಎಂದ ತಮ್ಮ. "ಅದಕ್ಕ ತಂಪಿಗೆ ಸುಖನಿದ್ದಿ. ನಾನೂ ಒಂದು ಚಿಂಚಿಲಾ ಆಗಿ ಹುಟ್ಟಿದ್ರ ಅತ್ತಿಗಿ ನನಗೂ ಕುದುರೆಮಸಾಲಿ ಸೊಪ್ಪು ತಿನ್ನಿಸ್ತಿದ್ಲು."

"ಮೊಲಕ್ಕ ಮನಿ ಆತು. ನಿನಗೊಂದು ಹೆಣ್ಣು ನೋಡೂಣಂದ್ರ ಒಲ್ಲೆ ಅಂತಿ. ಮೊದ್ಲು ಮದುವಿ ಆಗು, ಆಕಿ ತಿನ್ನಿಸ್ತಾಳ."

"ದಸರಾ ಮುಗೀಲಿ," ಎಂದ ಅವನು. ಅಷ್ಟು ಸಲೀಸಾಗಿ ಒಪ್ಪಿದ್ದು ಅದೇ ಮೊದಲೆಂದು ಅಕ್ಕಾರು ಆಮೇಲೆ ಹೇಳಿದರು.

ಹಲಗೆ, ಗೋಣಿ ತೆಗೆದೆವು. ನಾನು ಹಗ್ಗ ಎಳೆದೆ, ಅವನು ಬಾಯಿಯ ಅಂಚಿನಲ್ಲಿ ಬಗ್ಗಿ ಪಂಜರ ಹಿಡಿದುಕೊಂಡ. ಮೇಲಕ್ಕೆ ಬರುತ್ತಿದ್ದಂತೆ ತಳ ಬಾಯಿಕಟ್ಟಿನ ಕಲ್ಲಿಗೆ ತಾಗಿತು. ಸಡಿಲವಾಗಿದ್ದ ಗುಬಟಿನಿಂದ ತಗಡಿನ ತಟ್ಟೆ ಕಳಚಿ ಕೆಳಗೆ ಬಿತ್ತು. ಹೊಟ್ಟಿನ ಮೇಲೆ ಬಿದ್ದುದರಿಂದ ಸದ್ದೇ ಆಗಲಿಲ್ಲ. ಪಂಜರವನ್ನು ಬಾಯಿಯ ಪಕ್ಕದಲ್ಲಿಟ್ಟೆವು. ಬಾಗಿಲು ತೆಗೆದು ಅಕ್ಕಾರು ಸೊಪ್ಪು ಕೊಟ್ಟರು. ಮೊಲ ಮೊದಲು ಸುಮ್ಮನೆ ಕೂತಿತ್ತು. ಆಮೇಲೆ ಮೂಗು ಅಲ್ಲಾಡಿಸಿತು, ತಿನ್ನತೊಡಗಿತು.

"ತಟ್ಟಿ ತರ್ತೀನಿ ತಡೀರಿ," ಎಂದು ತಮ್ಮ ಅಂಗಿ ಬಿಚ್ಚಿ ಕಂಬಕ್ಕೆ ಸಿಕ್ಕಿಸಿದ.

"ಕೊಕ್ಕೆ ಇಳಿಬಿಟ್ಟು ಎತ್ತೂಣೇನು?" ಎಂದೆ.

"ಅದಕ್ಕ ಕೊಕ್ಕೆ ಎಲ್ಲಿ ಹಾಕ್ತೀರಿ? ತಗಡು. ಒಂದು ಗಳಿಗಿ ಕೆಲಸ."

ದೀಪದ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಜೀವ ದಿನವೂ ಅದರೊಳಗೆ ಹಗಲೆಲ್ಲ ಇದ್ದು ಮೇಲೆ ಬರುತ್ತಿತ್ತು. ಆ ಕ್ಷಣದಲ್ಲೂ ನಮ್ಮ ಕಣ್ಣ ಮುಂದೆ ಸೊಪ್ಪು ತಿನ್ನುತ್ತಿತ್ತು. ಅದಕ್ಕಿಂತ ದೊಡ್ಡ ದೀಪ ಇನ್ನಾವುದು ಎಂದು ಬಹುಶಃ ನಮ್ಮ ಮೂವರ ಮನಸ್ಸಿನಲ್ಲೂ ಇತ್ತು. ಕಾಳು ತುಂಬಿದ ಹಗೇವಿಗೆ ದೀಪ. ಇದು ಮೊಲದ ಮನೆ.

ಅವನು ಕುಳಿಗಳಲ್ಲಿ ಕಾಲಿಟ್ಟು ಇಳಿಯಲು ಶುರು ಮಾಡಿದ. ಆಗ ಪಡಸಾಲೆಯಿಂದ ಮಾಸ್ತರು ಮಂಚ ಬಡಿದರು.

ಅಂಗೈ ಬಿಡಿಸಿ, ಬಿಟ್ಟೂ ಬಿಡದೆ ಬಡಿದರು. ಅಕ್ಕಾರು ಅತ್ತ ತಿರುಗಿ, "ಕೊಡ್ತೀನಿ, ಕೊಡ್ತೀನಿ, ಸೊಪ್ಪು ತಿನ್ನಾಕರೆ ಬಿಡ್ರಿ ಅದನ್ನ," ಎಂದರು. ಅವರು ಇನ್ನೂ ಜೋರಾಗಿ ಬಡಿದರು. ಗಂಟಲಿನಿಂದ ಒಂದು ಸದ್ದು ಬಂತು. ಹಗೇವಿನೊಳಗಿನಿಂದ ತಮ್ಮ ನಗುತ್ತ, "ಅತ್ತಿಗೀ, ಅಣ್ಣಗ ಕೊಡವಾ ಮೊದ್ಲು, ಮಂಚ ಮುರೀತೈತಿ!" ಎಂದ. ಅದು ಅವನ ಕೊನೆಯ ಮಾತು.

ಅಕ್ಕಾರು ಮೊಲವನ್ನು ಎತ್ತಿಕೊಂಡು ಹೋಗಿ ಮಾಸ್ತರ ಮಡಿಲಲ್ಲಿಟ್ಟರು. ಮಾಸ್ತರು ಎಡಗೈಯಿಂದ ಅದನ್ನು ದೂಡಿಬಿಟ್ಟರು. ಮೊಲ ನೆಲಕ್ಕೆ ಬಿದ್ದು ಓಡಿ ಮಂಚದ ಕೆಳಗೆ ಸೇರಿತು. "ಏನಾತ್ರೀ ನಿಮಗ?" ಎಂದು ಅಕ್ಕಾರು ಸಿಟ್ಟಿನಿಂದ ಕೇಳಿದರು. ಅವರು ಕೈಯನ್ನು ಹಗೇವಿನ ಕಡೆಗೆ ಚಾಚಿದರು. ಮತ್ತೆ ಮಂಚ ಬಡಿದರು.

ನಾನು ಆಗ ಹಗೇವಿನೊಳಗೆ ಬಗ್ಗಿ ನೋಡಿದೆ. ಬಿಸಿಲಿನಿಂದ ಕತ್ತಲಿಗೆ ಕಣ್ಣು ಹೊಂದಲು ಒಂದಿಷ್ಟು ಹೊತ್ತು ಬೇಕಾಯಿತು. ಮೊದಲು ತಟ್ಟೆ ಹೊಳೆಯಿತು. ಅದರ ಪಕ್ಕದಲ್ಲಿ ತಮ್ಮ ಮಗ್ಗುಲಾಗಿ ಬಿದ್ದಿದ್ದ, ಒಂದು ಕೈ ತಟ್ಟೆಯ ಅಂಚಿನ ಮೇಲೆ. ಕೂಗಿದೆ. ಕಾಲು ಜಾರಿ ಬಿದ್ದಿದ್ದಾನೆ, ತಲೆಗೆ ಪೆಟ್ಟಾಗಿದೆ ಎಂದುಕೊಂಡೆ. ನನ್ನ ಒಂದು ಕಾಲು ಆಗಲೇ ಮೊದಲ ಕುಳಿಯಲ್ಲಿತ್ತು.

ಯಾರೋ ಹಿಂದಿನಿಂದ ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ಪಕ್ಕದ ಮನೆಯ ಅಜ್ಜ. ಕೂಗು ಕೇಳಿ ಗೋಡೆ ದಾಟಿ ಬಂದಿದ್ದ.

"ದೀಪ ಬಿಟ್ರೇನಲೇ? ದೀಪ ಬಿಟ್ಟಿದ್ರೇನು?"

"ಇಲ್ರಿ. ಮೊಲ ದಿನಾ ಅಲ್ಲೇ—"

"ಕಾಲು ಮ್ಯಾಲೆ ತಗಿ! ನೀನೂ ಅಲ್ಲೇ ಮಲಗ್ತಿ!"

ನನ್ನ ಜೀವನದಲ್ಲಿ ಎಷ್ಟೋ ನಿರ್ಧಾರ ಮಾಡಿದ್ದೇನೆ. ಆ ಕಾಲನ್ನು ಮೇಲಕ್ಕೆ ತೆಗೆದಷ್ಟು ಕಷ್ಟದ್ದು ಇನ್ನೊಂದಿಲ್ಲ. ಅವನು ಕಾಣುತ್ತಿದ್ದ. ಇಳಿದರೆ ಕೈಗೆ ಸಿಗುವಷ್ಟು ಹತ್ತಿರವಿದ್ದ.

ಕಂದೀಲು ಹಚ್ಚಿ, ಪಂಜರ ಬಿಚ್ಚಿದ ಅದೇ ಕೊಕ್ಕೆಗೆ ಸಿಕ್ಕಿಸಿ ಇಳಿಸಿದೆ. ಹಗ್ಗದ ಗಂಟು ತೊಲೆಗೆ ಬಂದು ಮುಟ್ಟಿತು, ಅಂದರೆ ಮೊಲ ತೂಗುತ್ತಿದ್ದ ಜಾಗ. ದೀಪ ಉರಿಯುತ್ತಿತ್ತು, ಸ್ವಲ್ಪ ಮಂಕಾಗಿ. ಗಂಟು ದಾಟಿಸಿ ಇನ್ನೂ ಇಳಿಸಿದೆ. ಒಂದು ಮೊಳ ಇಳಿದಿರಬಹುದು. ದೀಪ ಆರಿತು. ಊದಿ ಆರಿಸಿದ ಹಾಗಲ್ಲ. ಸಣ್ಣಗಾಗಿ, ನೀಲಿಯಾಗಿ, ಇಲ್ಲವಾಯಿತು.

ಅಜ್ಜ ಊರು ಕೂಗಿದ. ಬೇವಿನ ದೊಡ್ಡ ಟೊಂಗೆಗಳನ್ನು ಕಡಿದು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಮೇಲೆ ಕೆಳಗೆ ಎಳೆದಾಡಿದೆವು, ಗಾಳಿ ಕದಡಲೆಂದು. ಹೆಂಗಸರು ಕೊಡಗಟ್ಟಲೆ ನೀರು ತಂದು ಗೋಡೆಯುದ್ದಕ್ಕೂ ಸುರಿದರು. ನಡುನಡುವೆ ಕಂದೀಲು ಇಳಿಸಿ ನೋಡುವುದು, ಆರುವುದು, ಮತ್ತೆ ಟೊಂಗೆ. ಅಷ್ಟು ಹೊತ್ತೂ ಪಡಸಾಲೆಯಿಂದ ಮಂಚ ಬಡಿಯುವ ಸದ್ದು ಬರುತ್ತಲೇ ಇತ್ತು. ಯಾರೂ ಅವರನ್ನು ಸುಮ್ಮನಾಗಿಸಲು ಹೋಗಲಿಲ್ಲ. ಕೊನೆಗೆ ದೀಪ ತಳದವರೆಗೆ ಉರಿಯಿತು. ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆವು. ಅವನು ತಮ್ಮನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ. ನಾನು ಹಾಕಿದ ರಾಟೆಯಿಂದಲೇ ಎಳೆದೆವು.

ಅವನನ್ನು ಮೇಲಕ್ಕೆ ತಂದು ಬೇವಿನ ನೆರಳಲ್ಲಿ ಮಲಗಿಸಿದಾಗ ಸದ್ದು ನಿಂತಿತು.

ಸಿರುಗುಪ್ಪದಿಂದ ಬಂದ ಡಾಕ್ಟರು, ಹೊಸದಾಗಿ ಬಿಟ್ಟ ನೀರು ಜಿನುಗಿ ತಳದ ಹೊಟ್ಟು ಕೊಳೆತು ಕೆಟ್ಟ ಗಾಳಿ ಹುಟ್ಟಿದೆ ಎಂದರು. ಅದು ಭಾರ, ತಳದಲ್ಲೇ ನಿಲ್ಲುತ್ತದೆ. ಬಾಯಿ ಮುಚ್ಚಿದ್ದರಿಂದ ಹೊರಗೆ ಹೋಗಲಿಲ್ಲ. ದಿನದಿನಕ್ಕೆ ನೀರಿನಂತೆ ಏರುತ್ತ ಬಂದಿದೆ. ಮೊಲದ ತೂಕಡಿಕೆ ಸುಖನಿದ್ದೆಯಾಗಿರಲಿಲ್ಲ. ಗಾಳಿ ಪಂಜರದ ತಳಕ್ಕೆ ಬಂದು ಮುಟ್ಟುತ್ತಿತ್ತು. ಇನ್ನೆರಡು ದಿನ ಹೋಗಿದ್ದರೆ ಮೊಲ ಸತ್ತು ಮೇಲೆ ಬರುತ್ತಿತ್ತು. ಹಾಗಾಗಿದ್ದರೆ ಯಾರೂ ಇಳಿಯುತ್ತಿರಲಿಲ್ಲ. ಈ ಲೆಕ್ಕವನ್ನು ಡಾಕ್ಟರು ಹೇಳಲಿಲ್ಲ. ಅದು ನನ್ನ ತಲೆಯಲ್ಲಿ ಬಂದದ್ದು, ಇನ್ನೂ ಹೋಗಿಲ್ಲ.

ಮೂರನೆಯ ದಿನದ ಕಾರ್ಯಕ್ಕೆ ಹೋದಾಗ ಹಗೇವಿಗೆ ಮಣ್ಣು ತುಂಬುತ್ತಿದ್ದರು. ರಾಟೆ, ಕಂಬ ಕಿತ್ತಿದ್ದರು. ಮೊಲ ಅಕ್ಕಾರ ಸೆರಗಿನ ಅಡಿಯಲ್ಲಿತ್ತು. ಅವರು ಅದನ್ನು ಮಾಸ್ತರ ಬಲಗೈ ಹತ್ತಿರ ತಂದು ಕೂರಿಸಿದರು. ನಾನು ನೋಡುತ್ತಿದ್ದೆ. ಬೆರಳು ಅಲುಗಲಿಲ್ಲ. ಮಾಸ್ತರು ಮೊಲವನ್ನು ನೋಡಲೂ ಇಲ್ಲ, ದೂಡಲೂ ಇಲ್ಲ. ಗೋಡೆಯ ಕಡೆಗೆ ಮುಖ ಮಾಡಿದರು.

"ಅವತ್ತು ಮೊಲಾ ಕೇಳಿರಲಿಲ್ರಿ ಅವರು," ಎಂದರು ಅಕ್ಕಾರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ದೀಪಾ ಕೇಳಿದ್ರು. ನಾನು ಮೊಲಾ ಕೊಟ್ಟೆ."

 

ಹೊರಡುವಾಗ ಅವರು ಮೊಲವನ್ನು ಪಂಜರಕ್ಕೆ ಹಾಕಿ ಬಾಗಿಲ ಬಳಿ ತಂದರು. "ಇದನ್ನ ಕೊಂದು ಏನ್ ಮಾಡೂದು. ನೀವಾ ತಗೊಂಡು ಹೋಗ್ರಿ. ಇದರದೇನು ತಪ್ಪೈತಿ." ತಟ್ಟೆಯನ್ನೂ ಕೊಟ್ಟರು. ತೊಳೆದಿದ್ದರು.

ಮೊಲ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಣ್ಣಿನ ಗಡಿಗೆಗಳ ನಡುವೆ ಕುರುಗೋಡಿನ ಕಲ್ಲಿನ ಮೇಲೆ ಆ ಬೇಸಿಗೆ ದಾಟಿತು. ಮುಂದಿನದನ್ನೂ ದಾಟಿತು. ಒಣಗಾಳಿ, ಗಡಿಗೆಗಳ ತಂಪು, ಎದುರು ಬದುರು ಎರಡು ಕಿಟಕಿ: ಅದಕ್ಕೆ ಬೇಕಾದದ್ದು ಇಷ್ಟೇ ಆಗಿತ್ತು. ಗಿರಾಕಿಗಳು ಮುಟ್ಟಲು ಕೇಳುತ್ತಿದ್ದರು. ನಾನು ಬೇಡ ಎನ್ನುತ್ತಿರಲಿಲ್ಲ. ನಾನು ಮಾತ್ರ ಅದರ ಬೆನ್ನ ಮೇಲೆ ಕೈಯಾಡಿಸಿದ್ದು ಕಡಿಮೆ. ಅದು ವಯಸ್ಸಾಗಿ ಸತ್ತಿತು. ಆಮೇಲೆ ಜೀವವಿರುವುದಕ್ಕೆ ಪಂಜರ ಮಾಡುವುದನ್ನು ಬಿಟ್ಟೆ.

ಮಾಸ್ತರು ಮುಂದಿನ ಮಳೆಗಾಲದಲ್ಲೇ ತೀರಿಕೊಂಡರು. ಪಕ್ಕದ ಮನೆಯ ಅಜ್ಜ ಹೋಗಿ ಬಹಳ ವರ್ಷಗಳಾದವು. ಅಂದು ಹಗೇವಿನ ಬಾಯಿಯ ಬಳಿ ನಿಂತು, ಟೊಂಗೆ ಕಡಿಯಲು ಜನ ಓಡಿ ಬರುವ ಮುಂಚೆ ಆದದ್ದನ್ನೆಲ್ಲ ಕಂಡವರಲ್ಲಿ ನನ್ನ ಜೊತೆಗೆ ಬದುಕಿರುವವರು ಈಗ ಒಬ್ಬರೇ. ನಾನು ಅಕ್ಕಾರೆ ಎನ್ನುತ್ತಿದ್ದವರ ಹೆಸರು ನೀಲಮ್ಮ. ದೇಶನೂರಿನ ಅದೇ ಮನೆಯಲ್ಲಿದ್ದಾರೆ. ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ: ಮೊಲ ಸೊಪ್ಪು ತಿನ್ನುತ್ತಿತ್ತು, ಮಾಸ್ತರು ಮಂಚ ಬಡಿಯುತ್ತಿದ್ದರು.